ನಡುವಿನ ತಿಂಗಳುಗಳ ಖರ್ಚು



ಎರಡನೆಯ ವೃತ್ತಿಯ ಕುರಿತ ವಿಚಾರಸಂಕಿರಣಕ್ಕೆ ತೊಕ್ಕೊಟ್ಟಿಗಿಂತ ತಕ್ಕ ಊರು ಸಿಗುವುದು ಕಷ್ಟ. ಹೆದ್ದಾರಿಯಿಂದ ಪಡುವಣಕ್ಕೆ ತಿರುಗಿದರೆ ಉಳ್ಳಾಲದ ಕಡಲು. ಮೂಡಣಕ್ಕೆ ಹೋದರೆ ದೇರಳಕಟ್ಟೆಯ ಆಸ್ಪತ್ರೆಗಳು, ಕೊಣಾಜೆಯ ವಿಶ್ವವಿದ್ಯಾನಿಲಯ, ಇನ್ನೂ ಮುಂದೆ ಮುಡಿಪಿನ ಇನ್ಫೋಸಿಸ್. ಈ ದಾರಿಗಳ ಇಕ್ಕೆಲದ ಮನೆಗಳಲ್ಲಿ ಒಂದೇ ಕಸುಬನ್ನು ನಂಬಿ ಬದುಕಿದವರು ಕಡಿಮೆ. ಜೂನ್, ಜುಲೈಯಲ್ಲಿ ಯಾಂತ್ರಿಕ ದೋಣಿಗಳಿಗೆ ನಿಷೇಧವಿರುವಾಗ ಬೇರೆ ಕೂಲಿಗೆ ಹೋದವರು, ಗಲ್ಫಿನಿಂದ ಮರಳಿ ಅಂಗಡಿ ಇಟ್ಟವರು, ಮನೆಗೆಲಸದ ನಡುವೆ ಬೀಡಿ ಕಟ್ಟಿದವರು, ಎಲ್ಲರೂ ಇಲ್ಲಿಯವರೇ.

ಹೀಗಿದ್ದೂ ವೃತ್ತಿ ಬದಲಾವಣೆಯ ಮಾತೆತ್ತಿದರೆ ನಮಗೆ ಕೇಳಸಿಗುವುದು ಧೈರ್ಯದ ಕಥೆಗಳು. ದೊಡ್ಡ ಸಂಬಳ ಬಿಟ್ಟು ತೋಟ ಮಾಡಿದ ಎಂಜಿನಿಯರ್, ಬ್ಯಾಂಕು ಬಿಟ್ಟು ಹೋಟೆಲ್ ತೆರೆದ ಅಧಿಕಾರಿ. ಅವರ ಮೇಲೆ ನನಗೆ ತಕರಾರಿಲ್ಲ, ಸನ್ಮಾನದ ಶಾಲನ್ನೂ ಹೊದೆಸೋಣ. ಆದರೆ ಹಳೆಯ ಸಂಬಳ ನಿಂತು ಹೊಸ ಆದಾಯ ಕೈಗೆ ಬರುವ ತನಕ ಮನೆಗೆ ಅಕ್ಕಿ ತಂದವರು ಯಾರು ಎಂಬುದನ್ನು ಆ ಕಥೆಗಳು ಹೇಳುವುದೇ ಇಲ್ಲ. ವೃತ್ತಿ ಬದಲಾವಣೆ ಗೆಲ್ಲುವುದೋ ಸೋಲುವುದೋ ಈ ನಡುಗಾಲದ ಖರ್ಚಿನ ಮೇಲೆ ನಿಂತಿದೆ, ಧೈರ್ಯದ ಪಾಲು ಅದರಲ್ಲಿ ತೀರ ಸಣ್ಣದು ಎಂಬುದು ನನ್ನ ವಾದ.

ಬೀಡಿಯನ್ನೇ ತೆಗೆದುಕೊಳ್ಳಿ. ನೆನೆಸಿ ಒದ್ದೆಬಟ್ಟೆಯಲ್ಲಿ ಸುತ್ತಿಟ್ಟ ಎಲೆಯನ್ನು ಅಳತೆಗೆ ಕತ್ತರಿಸಿ, ಮಡಿಲಲ್ಲಿ ತಡ್ಪೆ ಎಂಬ ಮೊರ ಇಟ್ಟುಕೊಂಡು ಕೂತರೆ ಕಣ್ಣು ಬೇರೆಲ್ಲೋ ಇದ್ದರೂ ಬೆರಳು ನಿಲ್ಲುವುದಿಲ್ಲ. ಚಿಟಿಕೆ ಹೊಗೆಸೊಪ್ಪಿನ ಪುಡಿ, ಒಂದು ಸುರುಳಿ, ಬಾಯಿ ಮಡಚಿ ನೂಲಿನ ಸುತ್ತು. ಇಪ್ಪತ್ತೈದಕ್ಕೆ ಒಂದು ಕಟ್ಟು. ಬೀಡಿ ಕಂಪನಿಯ ಬ್ರಾಂಚಿನಲ್ಲಿ ಚೆಕ್ಕರ್ ಕಣ್ಣಿಗೆ ಸರಿಕಾಣದ ಬೀಡಿಗೆ ಮಜೂರಿ ಇಲ್ಲ. ಸೊಂಟನೋವು, ಕೆಮ್ಮು ಮಾತ್ರ ಲೆಕ್ಕ ತಪ್ಪದೆ ಬರುತ್ತವೆ. ಈ ಕಸುಬನ್ನು ಹೊಗಳಲು ನಾನು ಬಂದಿಲ್ಲ.

ಆದರೆ ಅದರ ಏರ್ಪಾಡನ್ನು ನೋಡಿ. ಎಲೆ, ಹೊಗೆಸೊಪ್ಪು ಬ್ರಾಂಚೇ ಕೊಡುತ್ತಿತ್ತು. ಕಟ್ಟಿದ್ದಕ್ಕೆ ಗಿರಾಕಿ ಹುಡುಕಬೇಕಿರಲಿಲ್ಲ. ಕೊಟ್ಟದ್ದು, ತಂದದ್ದು ಪುಸ್ತಕದಲ್ಲಿ ದಾಖಲಾಗುತ್ತಿತ್ತು. 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ ಮನೆಯ ಜಗಲಿಯಲ್ಲಿ ಕೂತು ಕಟ್ಟುವವಳನ್ನೂ ಕಾರ್ಮಿಕಳೆಂದು ಒಪ್ಪಿತು. ಮುಂದೆ ಪಿಎಫ್ ಬಂತು. ಬೀಡಿಯ ದುಡ್ಡಿನಲ್ಲಿ ಮಕ್ಕಳ ಕಾಲೇಜು ಫೀಸು ಕಟ್ಟಿದ ತಾಯಂದಿರು ಈ ಜಿಲ್ಲೆಯ ಊರೂರಿನಲ್ಲಿದ್ದಾರೆ. ಮನೆಯ ಕಸುಬು ಬದಲಾಗಲು ಒಂದು ತಲೆಮಾರು ಹಿಡಿಯಿತು, ಆ ತಲೆಮಾರಿನ ಖರ್ಚನ್ನು ತಾಯಿಯ ಬೆರಳುಗಳು ಹೊತ್ತವು.

ಈಗ ಕಸುಬು ಬದಲಿಸುವ ಸರದಿ ಆ ತಾಯಿಯದು. 2003ರಲ್ಲಿ ತಂಬಾಕು ನಿಯಂತ್ರಣ ಕಾಯ್ದೆ ಬಂತು, 2017ರಲ್ಲಿ ಬೀಡಿಯ ಮೇಲೆ ಶೇ. 28ರ ಜಿಎಸ್‌ಟಿ ಬಿತ್ತು. ತಂಬಾಕು ಕಡಿಮೆಯಾಗಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಐವತ್ತು ದಾಟಿದ ಹೆಂಗಸಿಗೆ ನಾವು ಕೊಡುವ ಬದಲಿ ಏನು? ಒಂದು ಹೊಲಿಗೆ ಯಂತ್ರ, ಕೆಲವು ವಾರಗಳ ತರಬೇತಿ, ಒಂದು ಪ್ರಮಾಣಪತ್ರ, ಒಂದು ಫೋಟೊ. ಅವಳು ಹೊಲಿದ ರವಿಕೆಯನ್ನು ಸಂಜೆ ಲೆಕ್ಕ ಮಾಡಿ ತೆಗೆದುಕೊಳ್ಳುವ ಬ್ರಾಂಚು ಎಲ್ಲೂ ಇಲ್ಲ.

ಯಕ್ಷಗಾನದವರಿಗೆ ಈ ನಡುಗಾಲ ಪಂಚಾಂಗದಲ್ಲೇ ಇದೆ. ತಿರುಗಾಟದ ಕೊನೆಯ ದಿನವಾದ ಪತ್ತನಾಜೆಗೆ ಗೆಜ್ಜೆ ಬಿಚ್ಚಿದರೆ ದೀಪಾವಳಿ ಕಳೆದು ಮೇಳ ಹೊರಡುವ ತನಕ ತಿರುಗಾಟವಿಲ್ಲ. ಕೆಲವರು ತೋಟ, ಗದ್ದೆಗೆ ಮರಳಿದರು. ಕೆಲವರು ಚಿಕ್ಕಮೇಳ ಕಟ್ಟಿಕೊಂಡು ಮಳೆಯ ಸಂಜೆಗಳಲ್ಲಿ ಮನೆಮನೆಗೆ ಹೋಗಿ ತುಣುಕು ಪ್ರಸಂಗ ಆಡಿದರು. ಇದನ್ನು ಕಲೆಯ ಪ್ರಸಾರವೆಂದು ಭಾಷಣಗಳಲ್ಲಿ ಕೇಳಿದ್ದೇನೆ. ಮೊದಲಿಗೆ ಅದು ಹೊಟ್ಟೆಪಾಡು, ಹಾಗೆನ್ನಲು ನಾವು ನಾಚಬೇಕಿಲ್ಲ.

ಇಲ್ಲೇ ಪಕ್ಕದ ಕೋಟೆಕಾರಿನವರಾದ ಅಮೃತ ಸೋಮೇಶ್ವರರು ಪುತ್ತೂರಿನ ವಿವೇಕಾನಂದ ಕಾಲೇಜಿನಲ್ಲಿ ಕನ್ನಡ ಅಧ್ಯಾಪಕರಾಗಿದ್ದುಕೊಂಡೇ ಪ್ರಸಂಗಕರ್ತರಾಗಿ ಬೆಳೆದರು. ಪ್ರತಿಭೆ ಅವರದೇ. ಆದರೆ ಪ್ರಸಂಗ ಬರೆದೇ ಮನೆ ನಡೆಸಬೇಕಾದ ಒತ್ತಡ ಅವರ ಮೇಲಿರಲಿಲ್ಲ ಎಂದು ತಿಳಿಯುತ್ತೇನೆ. ಮೊದಲ ವೃತ್ತಿ ಎರಡನೆಯದಕ್ಕೆ ಕೊಡಬಹುದಾದ ದೊಡ್ಡ ಉಪಕಾರ ಅದೇ.

ಎಲ್ಲ ಮೊದಲ ವೃತ್ತಿಗಳೂ ಅಷ್ಟು ಉದಾರವಲ್ಲ. 2022ರ ಸೆಪ್ಟೆಂಬರಿನಲ್ಲಿ ಇನ್ಫೋಸಿಸ್ ಇನ್ನೊಂದು ಕೆಲಸ ಮಾಡಿದರೆ ಕೆಲಸಕ್ಕೇ ಕುತ್ತು ಎಂದು ತನ್ನ ನೌಕರರಿಗೆ ಎಚ್ಚರಿಕೆ ಕೊಟ್ಟಿತು. ಅದೇ ತಿಂಗಳು ವಿಪ್ರೊ, ಪ್ರತಿಸ್ಪರ್ಧಿ ಕಂಪನಿಗಳಿಗೂ ದುಡಿಯುತ್ತಿದ್ದ 300 ಮಂದಿಯನ್ನು ತೆಗೆದದ್ದಾಗಿ ಹೇಳಿತು. ಅಕ್ಟೋಬರಿನಲ್ಲಿ ಇನ್ಫೋಸಿಸ್ ತುಸು ಸಡಿಲಿಸಿ, ಮುಂಚಿತ ಒಪ್ಪಿಗೆ ಪಡೆದರೆ ಹೊರಗಿನ ಬಿಡಿ ಕೆಲಸ ಮಾಡಬಹುದೆಂದಿತು. ಸಂಸ್ಥೆಯ ಗುಟ್ಟು ಕಾಯಬೇಕು, ಸರಿ. ಆದರೆ ಭಾನುವಾರದ ಬೆಳಗು ಯಾರ ಸ್ವತ್ತು ಎಂಬ ಪ್ರಶ್ನೆಯನ್ನು ಈ ಸಂಕಿರಣದ ಕಾನೂನು ವಿಭಾಗದವರು ಎತ್ತಿಕೊಳ್ಳಲೇಬೇಕು.

ದಾರಿ ತೋರಿದವರು ನಮ್ಮ ಜಿಲ್ಲೆಯಲ್ಲೇ ಇದ್ದಾರೆ. 1982ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳದ ಡಾ. ವೀರೇಂದ್ರ ಹೆಗ್ಗಡೆಯವರು ಸಿಂಡಿಕೇಟ್, ಕೆನರಾ ಬ್ಯಾಂಕುಗಳ ಜೊತೆ ಶುರುಮಾಡಿದ ರುಡ್‌ಸೆಟ್ ಸಂಸ್ಥೆ ಊಟ, ವಸತಿಯೊಂದಿಗೆ ಸ್ವಂತ ಉದ್ಯೋಗದ ಉಚಿತ ತರಬೇತಿ ಕೊಟ್ಟಿತು. ಮುಂದೆ ಕೇಂದ್ರ ಸರ್ಕಾರವೂ ಇದೇ ಮಾದರಿಯನ್ನು ದೇಶಕ್ಕೆಲ್ಲ ಹರಡಿತು. ತರಬೇತಿ ಮುಗಿಸಿ ಹೋದವರನ್ನು ಆಮೇಲೂ ಎರಡು ವರ್ಷ ವಿಚಾರಿಸುತ್ತಿರಬೇಕೆಂಬ ಅದರ ಕ್ರಮ ನನಗೆ ಮುಖ್ಯವೆನಿಸುತ್ತದೆ. ಅಂಗಡಿ ತೆರೆದ ದಿನ ಎಲ್ಲರೂ ಬರುತ್ತಾರೆ. ಏಳನೆಯ ತಿಂಗಳಲ್ಲಿ ಬಾಡಿಗೆ ಬಾಕಿಯಾದಾಗ ಬಾಗಿಲಿಗೆ ಬರುವವರು ಬೇಕು.

ಆದ್ದರಿಂದ ಮುಂದಿನ ಗೋಷ್ಠಿಗಳ ಪ್ರಬಂಧಕಾರರಲ್ಲಿ ಒಂದು ಕೋರಿಕೆ. ವೃತ್ತಿ ಬದಲಿಸಿದವರನ್ನು ಮಾತಾಡಿಸಿದಾಗ ಪ್ರೇರಣೆ ಏನು ಎಂದು ಕೇಳಿ ಬಿಡಬೇಡಿ. ಎಷ್ಟು ತಿಂಗಳು ಆದಾಯವಿರಲಿಲ್ಲ, ಯಾರ ಬಂಗಾರ ಸೊಸೈಟಿಯಲ್ಲಿ ಅಡವಿತ್ತು, ಅದು ಬಿಡಿಸಿ ಬಂತೇ ಎಂದೂ ಕೇಳಿ. ಬಿಡಿಸಲಾಗದವರ ಹೆಸರು ನಮ್ಮ ಯಾವ ಪಟ್ಟಿಯಲ್ಲೂ ಇರುವುದಿಲ್ಲ. ಅವರನ್ನು ಹುಡುಕಿಕೊಂಡು ಹೋಗಿ.