ತೂಕ ಸರಿ ಇರಲಿ, ಕೂಲಿ ಸರಿ ಬರಲಿ



ದೇವದುರ್ಗ, ಮಾನ್ವಿ ಕಡೆ ಹತ್ತಿ ಬೆಳೆಯುತ್ತಾರೆ. ಬಿಡಿಸುವವರು ನೀವು. ಆ ಹತ್ತಿ ರಾಯಚೂರಿನ ಗಂಜ್ ಮಾರುಕಟ್ಟೆಗೆ ಹೋಗುತ್ತದೆ. ಆಮೇಲೆ ನೂಲು, ಬಟ್ಟೆ ಆಗುತ್ತದೆ. ದೂರದ ದೇಶಗಳಲ್ಲಿ ಬಟ್ಟೆ ಕೊಳ್ಳುವ ಕೆಲವರು ಕೇಳುತ್ತಾರೆ: ಬೆಳೆದವರಿಗೆ ಸರಿಯಾದ ಬೆಲೆ ಸಿಕ್ಕಿತೇ? ಮಕ್ಕಳನ್ನು ದುಡಿಸಿಲ್ಲ ತಾನೇ? ಇದೇ ನ್ಯಾಯದ ವ್ಯಾಪಾರ.

ಅವರು ಅಷ್ಟು ದೂರದಿಂದ ಕೇಳುತ್ತಾರೆ. ನಾವು ಇಲ್ಲೇ ಇದ್ದು ಕೇಳಬಾರದೇನು?

ಒಂದು ಲೆಕ್ಕ ಮಾಡೋಣ. ನೀವು 25 ಕಿಲೋ ಹತ್ತಿ ಬಿಡಿಸಿದಿರಿ ಅನ್ನಿ. ಕಿಲೋಗೆ 10 ರೂಪಾಯಿ ಕೂಲಿ. 250 ರೂಪಾಯಿ ಬರಬೇಕು. ತಕ್ಕಡಿ 23 ಕಿಲೋ ತೋರಿಸಿತು. ಕೈಗೆ ಬಂದದ್ದು 230. ಉಳಿದ 20 ಎಲ್ಲಿ ಹೋಯ್ತು? ಹತ್ತು ದಿನಕ್ಕೆ 200 ರೂಪಾಯಿ! ಅದು ಮಗಳ ನೋಟುಬುಕ್ಕಿನ ದುಡ್ಡು.

ಶಾಲೆ ಏನು ಮಾಡಬಹುದು? ಶಾಲೆಯಲ್ಲಿ ಒಂದು ತಕ್ಕಡಿ ಇಡೋಣ. ಮಕ್ಕಳು, ತಾಯಂದಿರು ಕೂಡಿ ತೂಗಿ ಕಲಿಯೋಣ. ಗಂಜಿನ ಹತ್ತಿ ದರವನ್ನು ಕರಿಹಲಗೆ ಮೇಲೆ ಬರೆಯೋಣ. ವ್ಯಾಪಾರದ ತಕ್ಕಡಿಗೆ ಸರಕಾರದ ಮುದ್ರೆ ಇರಲೇಬೇಕು. ಅದನ್ನು ಗುರುತು ಹಿಡಿಯೋಣ.

ಇನ್ನೊಂದು ಮಾತು. ಹತ್ತಿ ಬಿಡಿಸುವ ಕಾಲಕ್ಕೆ ನಾವು ಹಾಜರಿ ಕರೆಯುತ್ತೇವೆ. ಎಷ್ಟೋ ಹುಡುಗಿಯರ ಜಾಗ ಖಾಲಿ. 14 ವರ್ಷದೊಳಗಿನ ಮಕ್ಕಳನ್ನು ಕೂಲಿಗೆ ಹಚ್ಚುವುದು ಅಪರಾಧ. 2009ರ ಕಾಯ್ದೆ ಪ್ರಕಾರ 6ರಿಂದ 14 ವರ್ಷದ ಮಕ್ಕಳಿಗೆ ಶಾಲೆ ಹಕ್ಕು. ಅವರನ್ನು ಶಾಲೆಗೆ ಕಳಿಸಿರಿ.

ಅಕ್ಕಾ, ನಾಳೆ ತೂಗುವಾಗ ಬಗ್ಗಿ ನೋಡಿರಿ. ಅಂಕಿ ಓದಿರಿ. ಕಡಿಮೆ ಬಂದರೆ ಒಬ್ಬರೇ ಕೇಳಬೇಡಿರಿ. ಎಲ್ಲರೂ ಕೂಡಿ ಕೇಳಿರಿ.

ಓದು ಕಲಿತದ್ದು ಅದಕ್ಕೇ ಅಲ್ಲವೇ?