ಡಬ್ಬಿಯ ಹಿಂಬದಿಯನ್ನು ಓದಬೇಕು



ಮುಂಬಯಿ, ಪುಣೆಯಂಥ ನಗರಗಳಲ್ಲಿ ತಾಯಿತಂದೆ ಇಬ್ಬರೂ ಉದ್ಯೋಗಸ್ಥರು, ಅಜ್ಜಿ ಊರಿನಲ್ಲಿ. ರಾಗಿಯನ್ನು ನೆನೆಸಿ, ಒಣಗಿಸಿ, ಬೀಸಿ, ವಸ್ತ್ರಗಾಳಿ ಹಿಡಿದು ಸರಿಹಿಟ್ಟು ಮಾಡುವ ಕೈ ಮನೆಯಲ್ಲಿಲ್ಲ. ಅಂಗಡಿಯ ಡಬ್ಬಿ ಮನೆಗೆ ಬರುವುದು ತಪ್ಪಲ್ಲ. ಓದದೆ ತರುವುದು ತಪ್ಪು.

ಮೊದಲ 6 ತಿಂಗಳು ಶಿಶುವಿಗೆ ತಾಯಿಯ ಹಾಲೇ ಸಾಕು, ನೀರೂ ಬೇಡ. ಅನಂತರ ಮೇಲಾಹಾರ ಆರಂಭವಾದರೂ ಎದೆಹಾಲು 2 ವರ್ಷದವರೆಗೆ, ಅದಕ್ಕೂ ಮುಂದೆ, ನಡೆಯಬೇಕು.

ಅನೇಕರು ಹಸಿರು ಗುರುತನ್ನು ಕಂಡೊಡನೆ ನಿಶ್ಚಿಂತರಾಗುತ್ತಾರೆ. ಮಾಂಸ, ಮೊಟ್ಟೆ ಇಲ್ಲವೆಂದಷ್ಟೇ ಆ ಗುರುತಿನ ಅರ್ಥ. ಗಜ್ಜರಿ, ಆಲೂಗಡ್ಡೆ, ಜೇನು ಇದ್ದರೂ ಹಸಿರು ಹಸಿರೇ. ಜೇನಂತೂ ವ್ರತದ ಮಾತಷ್ಟೇ ಅಲ್ಲ. ಅದರಲ್ಲಿರಬಹುದಾದ ಬೊಟುಲಿಸಂ ರೋಗಾಣುವಿನ ಕಾರಣ 1 ವರ್ಷದೊಳಗಿನ ಕೂಸಿಗೆ ಪ್ರಾಣಾಪಾಯಕರ.

ಸಾಮಗ್ರಿಗಳ ಪಟ್ಟಿಯಲ್ಲಿ ಹೆಚ್ಚು ತೂಕದ್ದು ಮೊದಲು ಬರುತ್ತದೆ. ಸಕ್ಕರೆ, ಸುಕ್ರೋಸ್, ಗ್ಲೂಕೋಸ್ ಸಿರಪ್ ಮೊದಲ ಸಾಲುಗಳಲ್ಲೇ ಇದ್ದರೆ ಆ ಡಬ್ಬಿಯನ್ನು ಅಲ್ಲೇ ಬಿಡುವುದು ಲೇಸು. ಭಾರತದ ಸೆರೆಲಾಕ್‌ನಲ್ಲಿ ಒಂದು ಹೊತ್ತಿನ ಉಣಿಸಿಗೆ ಸುಮಾರು 3 ಗ್ರಾಂ ಸಕ್ಕರೆ ಸೇರಿಸಲಾಗಿದೆ, ಜರ್ಮನಿ, ಬ್ರಿಟನ್‌ಗಳಲ್ಲಿ ಸೇರಿಸಿಲ್ಲ ಎಂದು 2024ರಲ್ಲಿ ಸ್ವಿಟ್ಜರ್ಲೆಂಡಿನ ಪಬ್ಲಿಕ್ ಐ ಸಂಸ್ಥೆ ಹೇಳಿತು. ಸ್ಥಳೀಯ ನಿಯಮಗಳನ್ನು ಪಾಲಿಸಿದ್ದೇವೆಂದು ಕಂಪನಿ ಉತ್ತರಿಸಿತು. ಹಾಗಾದರೆ ಪ್ರಶ್ನೆ ನಿಯಮ ರೂಪಿಸುವವರಿಗೂ ಸಲ್ಲುತ್ತದೆ. 1992ರ ಕಾಯ್ದೆ, 2003ರ ತಿದ್ದುಪಡಿಯೊಡನೆ, 2 ವರ್ಷದೊಳಗಿನವರ ಆಹಾರದ ಜಾಹೀರಾತನ್ನು ನಿಷೇಧಿಸಿದೆ. ಡಬ್ಬಿಯ ಮೇಲೆ ಶಿಶುವಿನ ಚಿತ್ರವೂ ಕೂಡದು. ಆದುದರಿಂದ ಮೊಬೈಲಿನಲ್ಲಿ ನಗುವ ಕೂಸನ್ನು ತೋರಿಸಿ ಮಾರುವವರನ್ನು ನಂಬತಕ್ಕದ್ದಲ್ಲ.

ಇನ್ನು ಉಣಿಸುವ ಕ್ರಮ. ಬಟ್ಟೆಯಲ್ಲಿ ಸೋಸಿದ ನೀರು ಶುದ್ಧವೆಂಬ ಭಾವನೆ ಇದೆ. ಸೋಸುವುದರಿಂದ ರೋಗಾಣು ಸಾಯುವುದಿಲ್ಲ. ಸೋಸಿದ ಮೇಲೆ ಕುದಿಸಲೇಬೇಕು. ಹಾಲುಪುಡಿಯೂ ಸಂಪೂರ್ಣ ರೋಗಾಣುಮುಕ್ತವಲ್ಲ. ಅದನ್ನು 70 ಡಿಗ್ರಿ ಸೆಲ್ಸಿಯಸ್‌ಗೆ ಕಡಿಮೆಯಿಲ್ಲದ ಬಿಸಿನೀರಿನಲ್ಲಿ ಕಲಸಿ, ಉಗುರುಬೆಚ್ಚಗೆ ಆರಿಸಿ, 2 ಗಂಟೆಯೊಳಗೆ ಉಣಿಸಬೇಕು. ಉಳಿತಾಯಕ್ಕೆಂದು ನೀರು ಹೆಚ್ಚಿಸಿದರೆ ಪೋಷಣೆ ಕುಗ್ಗುತ್ತದೆ. ಸಿದ್ಧ ಆಹಾರದ ಬಾಟಲಿಗೆ ಎಂಜಲು ಚಮಚ ಅದ್ದದೆ, ಬೇಕಾದಷ್ಟನ್ನೇ ಬಟ್ಟಲಿಗೆ ತೆಗೆಯಬೇಕು. ಬಟ್ಟಲಲ್ಲಿ ಉಳಿದದ್ದು ಚೆಲ್ಲತಕ್ಕದ್ದು.

ಕೆಲವು ಮನೆಗಳಲ್ಲಿ ಸೂರ್ಯಾಸ್ತಕ್ಕೆ ಮುಂಚೆ ಕಲಸಿಟ್ಟದ್ದನ್ನು ರಾತ್ರಿ ಕೂಸಿಗೆ ತಿನ್ನಿಸುತ್ತಾರೆ. ಇನ್ನು ಕೆಲವೆಡೆ ಹಸಿದ ಕೂಸನ್ನು ಹಾಗೆಯೇ ಮಲಗಿಸುತ್ತಾರೆ. ಎರಡೂ ಸಲ್ಲದು. ರಾತ್ರಿಭೋಜನ ತ್ಯಾಗವು ತಿಳಿದು ಸ್ವೀಕರಿಸುವವರ ವ್ರತ. ಮಾತು ಬಾರದ ಶಿಶುವಿನ ಮೇಲೆ ಹೇರುವಂಥದ್ದಲ್ಲ. ರಾತ್ರಿ ಹಸಿದ ಕೂಸಿಗೆ ಎದೆಹಾಲು, ಇಲ್ಲವೇ ಆಗಷ್ಟೇ ಸಿದ್ಧಪಡಿಸಿದ ಆಹಾರ ದೊರೆಯಲೇಬೇಕು.

ಕಣ್ಣಿಗೆ ಕಾಣದ ಜೀವಿಗೂ ನೋವಾಗದಂತೆ ನಡೆಯುವ ಮನೆತನಗಳು ತೊಟ್ಟಿಲಲ್ಲಿರುವ ಜೀವಕ್ಕೂ ಅಷ್ಟೇ ಎಚ್ಚರ ತೋರಲಿ.