ಕಾರ್ಖಾನೆಯಲ್ಲಿ ಕಲಿತದ್ದು, ಊರಿನಲ್ಲಿ ಕಂಡದ್ದು

(ಸಂಘದ ಬೆಳ್ಳಿಹಬ್ಬದ ಸಭೆಯಲ್ಲಿ ಮಾಡಿದ ಭಾಷಣ)



ದನ, ಹಿಂಡಿ, ಹಾಲಿನ ದರ ಇವುಗಳ ಬಗ್ಗೆ ಮಾತನಾಡಲು ನಮಗಿಂತ ತಿಳಿದವರು ಈ ವೇದಿಕೆಯಲ್ಲಿದ್ದಾರೆ. ನಮಗೆ ಗೊತ್ತಿರುವುದು ಕರೆಂಟು ಮತ್ತು ಮೀಟರು. ನಾವು ಎಂದರೆ ಒಬ್ಬರಲ್ಲ. ಈ ಊರಿನಿಂದ ಕಾರ್ಖಾನೆ ಕೆಲಸಕ್ಕೆ ಹೋಗಿ ಈಗ ನಿವೃತ್ತರಾಗಿ ಮನೆಯಲ್ಲಿರುವ ನಾಲ್ಕು ಮಂದಿಯ ಪರವಾಗಿ ಈ ಮಾತು. "ಅಷ್ಟು ವರ್ಷ ನೀವು ಅಲ್ಲಿ ಎಂತ ಮಾಡ್ತಾ ಇದ್ದದ್ದು ಮಾರಾಯ್ರೆ?" ಎಂದು ಕೇಳುವವರು ಈಗಲೂ ಇದ್ದಾರೆ. ಅದನ್ನೇ ಹೇಳಿ ಎಂದು ಕಾರ್ಯದರ್ಶಿಗಳ ಅಪ್ಪಣೆಯಾಗಿದೆ.

ಒಂದು ಕಾಲದಲ್ಲಿ ನಮ್ಮ ಕಡೆಯ ಹುಡುಗರಿಗೆ ಕೆಲಸ ಎಂದರೆ ಬೊಂಬಾಯಿಯ ಹೋಟೆಲು. ಪಣಂಬೂರಿನಲ್ಲಿ ಮಂಗಳೂರು ರಸಗೊಬ್ಬರ ಕಾರ್ಖಾನೆ 1976ರಲ್ಲಿ ಉತ್ಪಾದನೆ ಸುರು ಮಾಡಿತು. ಕುದುರೆಮುಖದ ಅದಿರನ್ನು ಉಂಡೆ ಕಟ್ಟುವ ಸ್ಥಾವರ 1987ರಲ್ಲಿ ಬಂತು. 1996ರಲ್ಲಿ ಎಂ.ಆರ್.ಪಿ.ಎಲ್. ತೈಲಾಗಾರ ಕೆಲಸ ಆರಂಭಿಸಿತು. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯಲ್ಲಿ ಐ.ಟಿ.ಐ. ಮಾಡಿದವರು ಬುತ್ತಿ ಕಟ್ಟಿಕೊಂಡು ಮೊದಲ ಬಸ್ಸಿಗೆ ಹೊರಡಲು ಸುರು ಮಾಡಿದ್ದು ಆ ಕಾಲದಲ್ಲಿ. ಆಮೇಲೆ ಕೆಲವರು ಗಲ್ಫಿಗೂ ಹೋದೆವು.

ನಮ್ಮ ಕೆಲಸದಲ್ಲಿ ಎರಡು ಭಾಗ ಉಂಟು. ಒಂದು ಎಲೆಕ್ಟ್ರಿಕಲ್: ಮೋಟಾರು, ಟ್ರಾನ್ಸ್‌ಫಾರ್ಮರು, ಬ್ರೇಕರು. ಇದು ನಿಮಗೂ ಗೊತ್ತಿರುವಂಥದ್ದು. ಇನ್ನೊಂದು ಇನ್‌ಸ್ಟ್ರುಮೆಂಟೇಶನ್. ಮುಚ್ಚಿದ ಪೈಪು, ಟ್ಯಾಂಕುಗಳ ಒಳಗೆ ಶಾಖ ಎಷ್ಟು, ಒತ್ತಡ ಎಷ್ಟು, ಮಟ್ಟ ಎಷ್ಟು ಎಂದು ಕಣ್ಣಿಗೆ ಕಾಣುವುದಿಲ್ಲ. ಅದನ್ನು ಅಳೆದು ದೂರದ ಕಂಟ್ರೋಲ್ ರೂಮಿಗೆ ತಂತಿಯಲ್ಲಿ ಕಳಿಸುವುದು. ಈ ಸುದ್ದಿ ಹೋಗುವುದು 4ರಿಂದ 20 ಮಿಲಿ ಆಂಪಿಯರ್ ಕರೆಂಟಿನಲ್ಲಿ. ಟ್ಯಾಂಕು ಖಾಲಿ ಇದ್ದರೆ 4, ತುಂಬಿದ್ದರೆ 20. ಖಾಲಿಗೆ ಸೊನ್ನೆ ಇಡಬಹುದಿತ್ತಲ್ಲ, 4 ಯಾಕೆ? ನಮ್ಮ ಡಿಪೋದ ಉದಾಹರಣೆಯನ್ನೇ ತೆಗೆದುಕೊಳ್ಳಿ. ಒಬ್ಬರು ಖಾಲಿ ಕ್ಯಾನ್ ಹಿಡಿದು ಬಂದು "ಇವತ್ತು ಹಾಲಿಲ್ಲ" ಎಂದರೆ ಅದು ಒಂದು ಸುದ್ದಿ. ಇನ್ನೊಬ್ಬರು ಬರಲೇ ಇಲ್ಲ ಎಂದರೆ ಹಾಲಿಲ್ಲವೋ, ದಾರಿಯಲ್ಲಿ ಬಿದ್ದರೋ ತಿಳಿಯುವುದಿಲ್ಲ. 4 ಬಂದರೆ ಟ್ಯಾಂಕು ಖಾಲಿ. ಸೊನ್ನೆ ಬಂದರೆ ತಂತಿ ತುಂಡಾಗಿದೆ, ಎದ್ದು ಹೋಗಿ ನೋಡು ಎಂದರ್ಥ.

ನಮ್ಮ ಸಂಘದ ಬಲ್ಕ್ ಕೂಲರಿನಲ್ಲೂ ಇಂಥದ್ದೇ ಒಂದು ಕಡ್ಡಿ ಉಂಟು. ಅದರೊಳಗೆ ಪ್ಲಾಟಿನಂ ತಂತಿ. ಸೊನ್ನೆ ಡಿಗ್ರಿಯಲ್ಲಿ ಅದರ ರೋಧ ಸರಿಯಾಗಿ 100 ಓಮ್, ಡಿಗ್ರಿ ಒಂದು ಏರಿದರೆ ಹೆಚ್ಚುಕಮ್ಮಿ 0.385 ಓಮ್ ಏರುತ್ತದೆ. ಹಾಲು 4 ಡಿಗ್ರಿಗೆ ಇಳಿದಿದೆಯೋ ಎಂದು ಯಂತ್ರ ತಿಳಿಯುವುದು ಇಷ್ಟರಿಂದಲೇ. ತಂತಿ ಕಟ್ಟುವ ಕಡೆ ಕಿಲುಬು ಹಿಡಿದು ಎರಡು ಓಮ್ ಹೆಚ್ಚಾದರೂ ಸಾಕು, ಐದು ಡಿಗ್ರಿ ಜಾಸ್ತಿ ತೋರಿಸಿ ಕಂಪ್ರೆಸರ್ ಸುಮ್ಮನೆ ಓಡ್ತದೆ. ಮಳೆಗಾಲದಲ್ಲಿ ಕಡ್ಡಿಯ ತಲೆಯೊಳಗೆ ತೇವ ಹೋದರೆ ಉಲ್ಟಾ. ಇದ್ದುದಕ್ಕಿಂತ ಕಮ್ಮಿ ತೋರಿಸಿ ಕಂಪ್ರೆಸರ್ ಬೇಗ ನಿಲ್ಲುತ್ತದೆ, ಬೆಳಿಗ್ಗೆ ಇಡೀ ಊರಿನ ಹಾಲು ಹುಳಿ! ತಕ್ಕಡಿಗೆ ವರ್ಷ ವರ್ಷ ಸೀಲು ಹಾಕಿಸುತ್ತೇವಲ್ಲ, ಹಾಗೆ ಈ ಕಡ್ಡಿಯನ್ನೂ ಮಂಜುಗಡ್ಡೆ ನೀರಿನಲ್ಲಿ ಮುಳುಗಿಸಿ ಸೊನ್ನೆ ತೋರಿಸುತ್ತದೋ ಎಂದು ನೋಡಬೇಕು. ಖರ್ಚು ಏನೂ ಇಲ್ಲ.

ಈಗ ಒಂದು ತಪ್ಪೊಪ್ಪಿಗೆ. ಕಾರ್ಖಾನೆಯ ಹೆಸರು ಬೇಡ. ಮಳೆಗಾಲದ ಒಂದು ರಾತ್ರಿ ದೊಡ್ಡ ಪಂಪೊಂದು ಮತ್ತೆ ಮತ್ತೆ ಟ್ರಿಪ್ ಆಗುತ್ತಿತ್ತು. ಬೇರಿಂಗ್ ಬಿಸಿಯಾಗಿದೆ ಎಂದು ಪ್ಯಾನೆಲ್ ಹೇಳುತ್ತಿತ್ತು. ಹಿಂದಿನ ವಾರ ಬಾಕ್ಸಿಗೆ ನೀರು ಹೋಗಿ ಎರಡು ಸಲ ಸುಳ್ಳು ಟ್ರಿಪ್ ಬಂದಿತ್ತು. ಇದೂ ಹಾಗೆಯೇ ಎಂದುಕೊಂಡೆವು. ಉತ್ಪಾದನೆಯವರು ಬೊಬ್ಬೆ ಹಾಕುತ್ತಿದ್ದರು. ಗೇಣುದ್ದ ವಯರ್ ತಂದು ಟ್ರಿಪ್ಪನ್ನು ಬೈಪಾಸ್ ಮಾಡಿದೆವು. ಪಂಪು ಓಡಿತು, ಸುಮಾರು ನಲವತ್ತು ನಿಮಿಷ. ಆಮೇಲೆ ಬೇರಿಂಗ್ ಕಚ್ಚಿಕೊಂಡು, ಬಿಸಿ ಎಣ್ಣೆ ಹಾರಿ, ಹತ್ತಿರ ನಿಂತಿದ್ದ ನಮ್ಮದೇ ಹುಡುಗನ ಕೈ ಸುಟ್ಟಿತು. ಮೀಟರು ಆ ದಿನ ನಿಜವನ್ನೇ ಹೇಳಿತ್ತು. ಹಾಕಿ ಎಂದವರು ಬೇರೆ, ಆದರೆ ವಯರ್ ಹಿಡಿದ ಕೈ ನಮ್ಮದು.

ಅಲ್ಲಿಂದ ಮೇಲೆ, ಸೀನಿಯರ್ ಎಂಬ ಹೆಸರು ಬಂದ ನಂತರವೂ, ನಮ್ಮ ಮುಖ್ಯ ಕೆಲಸ "ಆಗುವುದಿಲ್ಲ" ಎಂದು ಹೇಳುವುದೇ ಆಯಿತು. ಬೈಪಾಸ್ ಬೇಕಾದರೆ ಪುಸ್ತಕದಲ್ಲಿ ಬರೆಯಬೇಕು, ಯಾರು, ಯಾಕೆ, ಎಷ್ಟು ಗಂಟೆಯವರೆಗೆ ಎಂದು ಸಹಿ ಬೇಕು. ಮೋಟಾರು ಬಿಚ್ಚುವ ಮೊದಲು ಬ್ರೇಕರಿಗೆ ನಮ್ಮದೇ ಬೀಗ ಹಾಕಿ ಕೀಲಿ ನಮ್ಮ ಜೇಬಿನಲ್ಲಿ ಇರಬೇಕು. ಇದರಿಂದ ಬೈಗುಳ ತಿಂದದ್ದೂ ಉಂಟು, ಪ್ರಮೋಷನ್ ತಡವಾದದ್ದೂ ಉಂಟು. 1984ರ ಡಿಸೆಂಬರಿನಲ್ಲಿ ಭೋಪಾಲದಲ್ಲಿ ಏನಾಯಿತು ಎಂದು ಹಿರಿಯರಿಗೆ ನೆನಪಿರಬಹುದು. ಆ ವಿಷದ ಟ್ಯಾಂಕನ್ನು ತಂಪಾಗಿಡಬೇಕಾದ ಯಂತ್ರವನ್ನು ತಿಂಗಳುಗಳ ಮೊದಲೇ ನಿಲ್ಲಿಸಿದ್ದರು. ಹೊರಬಂದ ಅನಿಲವನ್ನು ಸುಡಬೇಕಾದ ಗೋಪುರದ ಪೈಪು ಬಿಚ್ಚಿಟ್ಟಿತ್ತು.

ಊರಿಗೆ ಬಂದು ನೋಡಿದರೆ ಗೇಣುದ್ದದ ಆ ವಯರ್ ಇಲ್ಲಿಯೂ ಉಂಟು. ಮೂರು ಫೇಸಿನಲ್ಲಿ ಒಂದು ಹೋದರೆ ಉಳಿದ ಎರಡರಲ್ಲಿ ಕರೆಂಟು ಏರಿ ಮೋಟಾರು ಸುಡುತ್ತದೆ. ಅದನ್ನು ತಡೆಯಲು ಸ್ಟಾರ್ಟರಿನಲ್ಲಿ ಪ್ರಿವೆಂಟರ್ ಇರುತ್ತದೆ. "ಅದು ಉಪದ್ರ" ಎಂದು ತೆಗೆಸಿದ ತೋಟಗಳನ್ನು ನಾವು ಕಂಡಿದ್ದೇವೆ. ಫ್ಯೂಸಿಗೆ ದಪ್ಪ ತಾಮ್ರದ ತಂತಿ ಸುತ್ತಿದ್ದನ್ನೂ ಕಂಡಿದ್ದೇವೆ. 2019ರ ಆಗಸ್ಟಿನಲ್ಲಿ ಚಾರ್ಮಾಡಿ, ದಿಡುಪೆ ಕಡೆ ನೆರೆ ಬಂತು, ಬಂಟ್ವಾಳದಲ್ಲಿ ನೇತ್ರಾವತಿ ಪೇಟೆಗೆ ನುಗ್ಗಿತು. ನೀರಿನಲ್ಲಿ ಮುಳುಗಿದ ಮೋಟಾರನ್ನು ಹಾಗೆಯೇ ಸ್ವಿಚ್ ಹಾಕಬಾರದು. ಒಣಗಿಸಿ, ಮೆಗ್ಗರಿನಲ್ಲಿ ನೋಡಿ, ಒಂದು ಮೆಗಾ ಓಮಿಗಿಂತ ಕಮ್ಮಿ ಇದ್ದರೆ ಮತ್ತೆ ಒಣಗಿಸಬೇಕು.

ಅಡಿಕೆ ಕೊಯ್ಯುವವರಿಗೆ ಒಂದು ಮಾತು ಜೋರಾಗಿಯೇ ಹೇಳಬೇಕು. ಅಲ್ಯೂಮಿನಿಯಂ ಏಣಿಯಲ್ಲಿ ಕರೆಂಟು ಹರಿಯುತ್ತದೆ ಎಂದು ಎಲ್ಲರಿಗೂ ಗೊತ್ತು. ಈಗ ಬಂದಿರುವ ಕಾರ್ಬನ್ ಫೈಬರ್ ದೋಟಿ ಹಗುರ, ಲೋಹವೂ ಅಲ್ಲ, ಹಾಗಾಗಿ ತೊಂದರೆಯಿಲ್ಲ ಎಂಬ ಭಾವನೆ ಉಂಟು. ಅದು ತಪ್ಪು. ಕಾರ್ಬನ್ನಿನಲ್ಲಿಯೂ ಕರೆಂಟು ಹರಿಯುತ್ತದೆ. ತೋಟದ ಮೇಲೆ ಲೈನು ಹೋಗಿದ್ದರೆ ಆ ಬದಿಯ ಮರಗಳಿಗೆ ದೋಟಿ ಎತ್ತಬೇಡಿ. ಮೆಸ್ಕಾಂನವರಿಗೆ ಹೇಳಿ ಲೈನು ಆಫ್ ಮಾಡಿಸಿ. ನಾಲ್ಕು ಗೊನೆ ಉಳಿದರೆ ಉಳಿಯಲಿ.

ಕೊನೆಗೆ ಅರ್ತಿಂಗ್. ನಮ್ಮ ಮುರಕಲ್ಲಿನ ನೆಲ ಮಾರ್ಚ್, ಏಪ್ರಿಲಿಗೆ ಒಣಗಿ ಬಿಡುತ್ತದೆ. ಮಳೆಗಾಲದಲ್ಲಿ ಸರಿಯಿದ್ದ ಅರ್ತ್ ಆಗ ಕೆಲಸ ಮಾಡುವುದಿಲ್ಲ. ಸಿಡಿಲು ಬರುವುದೂ ಅದೇ ಸಮಯಕ್ಕೆ. ಹಟ್ಟಿಯಲ್ಲಿ ಕರಾವು ಯಂತ್ರ ಇರುವವರು ಅರ್ತಿನ ಗುಂಡಿಗೆ ನೀರು ಹೊಯ್ಯಿರಿ, 30 ಮಿಲಿ ಆಂಪಿಯರಿನ ಆರ್.ಸಿ.ಸಿ.ಬಿ. ಹಾಕಿಸಿ. ಮನುಷ್ಯನಿಗೆ ತಡೆದುಕೊಳ್ಳುವ ಚಪ್ಪಲಿಯಾದರೂ ಉಂಟು, ದನ ನಾಲ್ಕು ಕಾಲೂರಿ ಒದ್ದೆ ನೆಲದಲ್ಲಿ ನಿಂತಿರುತ್ತದೆ.

ನಮ್ಮ ಹತ್ತಿರ ಅರ್ತ್ ಅಳೆಯುವ ಮೀಟರು ಉಂಟು, ಮೆಗ್ಗರೂ ಉಂಟು. ಸದಸ್ಯರ ಹಟ್ಟಿ, ಪಂಪು ಶೆಡ್ಡುಗಳನ್ನು ಪತ್ತನಾಜೆಯ ಒಳಗೆ ನೋಡಿ ಮುಗಿಸಬೇಕೆಂದು ನಾವು ನಾಲ್ವರು ಮಾತಾಡಿಕೊಂಡಿದ್ದೇವೆ. ದುಡ್ಡು ಬೇಡ, ಒಂದು ಚಾ ಸಾಕು. ಊಟಕ್ಕೆ ಏಳುವ ಮೊದಲು ಕಾರ್ಯದರ್ಶಿಗಳ ಹತ್ತಿರ ಹೆಸರು ಬರೆಸಿ.